ಮಾಡ್ಯೂಲ್ ಹಾಕಿದವನು ನಾನೇ

ಅತ್ತಿಗೆಗೆ,

ಒಂದೇ ಮನೆಯಲ್ಲಿದ್ದುಕೊಂಡು ಪತ್ರ ಬರೆಯುತ್ತಿದ್ದಾನೆ ಎಂದು ನಗಬೇಡಿ. ಎದುರು ನಿಂತರೆ ನನಗೆ ಮಾತು ಹೊರಡುವುದಿಲ್ಲ; ಹೊರಟರೂ ಬೇಡದ್ದೇ ಹೊರಡುತ್ತದೆ. ಮಧ್ಯಾಹ್ನದ ಊಟ ಬಿಟ್ಟು ಆಫೀಸಿನಲ್ಲೇ ಕೂತಿದ್ದೇನೆ. ಎರಡು ಸಲ ಎದ್ದು ನೀರು ಕುಡಿದು ಬಂದೆ. ಮೂರನೆಯ ಸಲ ಬಾಟಲಿ ಮರೆತು, ನೀರಿನ ಯಂತ್ರದ ಮುಂದೆ ಸುಮ್ಮನೆ ನಿಂತು ವಾಪಸ್ ಬಂದೆ.

ಬೆಳಿಗ್ಗೆ ಮ್ಯಾನೇಜರ್ ಮೇಡಂ ಕರೆದು, ಕ್ಲೌಡ್ ಮಾಡ್ಯೂಲ್‌ಗಳ ಹೊಸ ಆವೃತ್ತಿ ಹಾಕು ಎಂದರು. ಮೂರು ವರ್ಷಗಳಿಂದ ಅದು ಪಕ್ಕದ ಮೇಜಿನವರ ಕೆಲಸ, ಅವರು ರಜೆಯಲ್ಲಿದ್ದಾರೆ. ನಿಮಗೆ ಇದನ್ನು ವಿವರಿಸುವಷ್ಟು ದೊಡ್ಡವನಲ್ಲ ನಾನು. ಆದರೆ ನಿಮ್ಮಿಬ್ಬರದೂ ಒಂದೇ ಮೇಲ್ ವಿಳಾಸವಾದ್ದರಿಂದ ಅಣ್ಣನೂ ಓದುತ್ತಾನೆ, ಅವನಿಗಾಗಿ ಹೇಳುತ್ತೇನೆ: ನಮ್ಮ ನೂರಾರು ಸರ್ವರ್‌ಗಳನ್ನು ಎಬ್ಬಿಸುವುದು, ಮಲಗಿಸುವುದು ಎಲ್ಲ ಒಂದು ಆಟೊಮೇಷನ್ ಟೂಲ್. ಅದು ಆ ಸರ್ವರ್‌ಗಳನ್ನು ನಮಗೆ ಬಾಡಿಗೆಗೆ ಕೊಡುವ ಕ್ಲೌಡ್ ಕಂಪನಿಯೊಡನೆ ಮಾತಾಡುವುದು ಈ ಮಾಡ್ಯೂಲ್‌ಗಳ ಮೂಲಕ. ಇವು ಹಳೆಯವಾದರೆ ನಾವು ಹೇಳುವುದೊಂದು, ಅಲ್ಲಿ ಆಗುವುದೊಂದು.

ನನ್ನ ಹಳೆಯ ನೋಟ್‌ಬುಕ್ ತೆಗೆದು, ಮೂರು ವರ್ಷದ ಹಿಂದೆ ಬರೆದಿಟ್ಟ ಆದೇಶದ ಸಾಲನ್ನೇ ಟೈಪ್ ಮಾಡಿದೆ. ಯಶಸ್ವಿ ಎಂದು ಬಂತು. ಈಗಿನ ಪದ್ಧತಿಯಂತೆ, ನೀನು ಯಾವ ಮಾಡ್ಯೂಲ್ ಓದುತ್ತಿದ್ದೀಯ ಎಂದು ಟೂಲನ್ನೇ ಕೇಳಬೇಕು. ಕೇಳಿದೆ. ಹಳೆಯದನ್ನೇ ತೋರಿಸಿತು. ಮತ್ತೆ ಹಾಕಿದೆ, ಮತ್ತೆ ಹಳೆಯದೇ. ಆಮೇಲೆ ಹೊಳೆಯಿತು. ನಾನು ನನ್ನ ಸ್ವಂತ ಲಾಗಿನ್‌ನಲ್ಲಿದ್ದೆ, ಮಾಡ್ಯೂಲ್ ನನ್ನ ಫೋಲ್ಡರಿಗೆ ಹೋಗಿ ಕೂತಿತ್ತು. ಟೂಲ್ ಓಡುವುದು ಬೇರೆ ಲಾಗಿನ್‌ನಲ್ಲಿ, ಓದುವುದು ಎಲ್ಲರಿಗೂ ಸೇರಿದ ಫೋಲ್ಡರನ್ನು. ಎರಡು ನಿಮಿಷದಲ್ಲಿ ಸರಿ ಮಾಡಿದೆ. ಆದರೆ ನೋಟ್‌ಬುಕ್ ಮುಚ್ಚಲು ಹೋದಾಗ ಆ ಪುಟದ ಮೇಲಿದ್ದ ತಾರೀಕು ಕಣ್ಣಿಗೆ ಬಿತ್ತು.

ಆ ತಾರೀಕು ನಿಮಗೂ ನೆನಪಿರುತ್ತದೆ. ಆಗ ನೀವೂ ಇದೇ ಆಫೀಸಿನಲ್ಲಿದ್ದಿರಿ; ನೀವೇ ಹೇಳಿ ಕೆಲಸ ಕೊಡಿಸಿ ನನಗೆ ನಾಲ್ಕು ತಿಂಗಳಾಗಿತ್ತು, ಇನ್ನೂ ಪ್ರೊಬೇಷನ್. ಬೇಡದ ಸರ್ವರ್‌ಗಳನ್ನಷ್ಟೇ ಆರಿಸಿ ಮುಚ್ಚು ಎಂದು ಟೂಲಿಗೆ ಹೇಳುವ ಸ್ಕ್ರಿಪ್ಟ್ ನಿಮ್ಮದು, ಅದಕ್ಕೆ ಬೇಕಾದ ಹೊಸ ಮಾಡ್ಯೂಲ್ ಹಾಕುವುದು ನನ್ನ ಪಾಲು. ಸ್ಕ್ರಿಪ್ಟ್ ಓಡಿದ್ದೇ ತಡ, ಬೇಕಾದವೂ ಮುಚ್ಚಿಹೋದವು. ಆ ಸರ್ವರ್‌ಗಳನ್ನೇ ನಂಬಿದ್ದ ಒಂದು ಆಸ್ಪತ್ರೆಯಲ್ಲಿ ಅರ್ಧ ದಿನ ಲ್ಯಾಬ್ ವರದಿಗಳು ಕಾಣಲಿಲ್ಲ, ಎರಡು ಆಪರೇಷನ್ ಮುಂದಕ್ಕೆ ಹೋದವು. ಮೀಟಿಂಗಿನಲ್ಲಿ ನೀವು ಮೆಲ್ಲಗೆ ನನ್ನನ್ನು ಒಂದೇ ಮಾತು ಕೇಳಿದಿರಿ: "ಮಾಡ್ಯೂಲ್ ಎಲ್ಲಿ ಹಾಕ್ದೆ?" ನಾನು ಎಲ್ಲರೆದುರು ಹಾರಿಬಿದ್ದೆ. "ನಾನು ಓಡಿಸಿ ನೋಡಿದ್ದೀನಿ ಅತ್ತಿಗೆ. ನನ್ ಕಡೆ ಎಲ್ಲ ಸರಿ ಇದೆ. ನಿಮ್ ಸ್ಕ್ರಿಪ್ಟ್ ನೋಡ್ಕೊಳ್ಳಿ."

ತಪ್ಪು ನಿಮ್ಮ ಸ್ಕ್ರಿಪ್ಟಿನದೇ ಎಂದು ಮೀಟಿಂಗ್ ಮುಗಿಯಿತು. ಮರುದಿನ ನೀವು ರಾಜೀನಾಮೆ ಕೊಟ್ಟಿರಿ. ಗಾಬರಿಯಲ್ಲಿ ಟೂಲನ್ನು ಹೊಸ ಸರ್ವರಿನಲ್ಲಿ ಮೊದಲಿಂದ ಕಟ್ಟಿದರು, ಹಳೆಯ ಸರ್ವರನ್ನು ಹಾಗೇ ಆಫ್ ಮಾಡಿಟ್ಟರು. ಅದನ್ನು ತೆರೆದು ನೋಡುವ ಗೋಜಿಗೆ ಯಾರೂ ಹೋಗಲಿಲ್ಲ.

ನಾನು ಇವತ್ತು ಅದನ್ನು ಮತ್ತೆ ಆನ್ ಮಾಡಿ ನೋಡಿದೆ. ನನ್ನ ಫೋಲ್ಡರಿನಲ್ಲಿ ಆ ದಿನದ ಹೊಸ ಮಾಡ್ಯೂಲ್‌ಗಳು ಹಾಗೇ ಇದ್ದವು. ನನ್ನ ಲಾಗಿನ್‌ನಲ್ಲಿ ಪರೀಕ್ಷಿಸಿದಾಗ ಸರಿಯಾಗಿದ್ದದ್ದು ಅದಕ್ಕೇ, ನಿಮ್ಮ ಸ್ಕ್ರಿಪ್ಟಿಗೆ ಸಿಕ್ಕಿದ್ದು ಹಳೆಯದೇ. ಅಷ್ಟೇ ಆಗಿದ್ದರೆ ತಪ್ಪೊಪ್ಪಿಕೊಂಡು ಮುಗಿಸುತ್ತಿದ್ದೆ. ಆದರೆ ನಿಮ್ಮ ಲಾಗಿನ್‌ನ ದಾಖಲೆಯೂ ಅಲ್ಲೇ ಇತ್ತು. ಮೀಟಿಂಗ್ ಮುಗಿದ ಮೇಲೆ, ನಾಲ್ಕೂ ಹತ್ತಕ್ಕೆ, ನೀವು ಮೊದಲು ಎಲ್ಲರ ಫೋಲ್ಡರ್ ನೋಡಿದ್ದೀರಿ, ಆಮೇಲೆ ನನ್ನದನ್ನು. ನಾಲ್ಕೂ ಇಪ್ಪತ್ತಕ್ಕೆ ಹೊರಬಂದಿದ್ದೀರಿ. ಯಾವುದನ್ನೂ ಅಳಿಸಿಲ್ಲ, ಯಾರಿಗೂ ಹೇಳಿಲ್ಲ.

ನಿಮಗೆ ಗೊತ್ತಿತ್ತು.

ನನಗೆ ನಾಚಿಕೆಗಿಂತ ಮೊದಲು ಬಂದದ್ದು ಸಿಟ್ಟು, ಅದೂ ನಿಮ್ಮ ಮೇಲೆ. ಯಾರು ಕೇಳಿದ್ದರು ನಿಮ್ಮನ್ನು? ಪ್ರೊಬೇಷನ್ನಿನ ಹುಡುಗನ ಕೆಲಸ ಹೋದರೆ ಹೋಗುತ್ತಿತ್ತು. ಹನ್ನೊಂದು ವರ್ಷ ದುಡಿದು ಕಟ್ಟಿದ ಹೆಸರನ್ನು ನನಗೋಸ್ಕರ ಬಿಟ್ಟುಬಂದಿರಲ್ಲ! ಅಣ್ಣನಿಗೂ ಹೇಳಿಲ್ಲ, ಅದಂತೂ ಖಂಡಿತ. ಅವನಿಗೆ ಗೊತ್ತಿದ್ದರೆ ಅದೇ ಸಂಜೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಕೆಲಸ ಬಿಟ್ಟ ಮೇಲೆ ನೀವು ಮುಂದಿನ ಕೋಣೆಯಲ್ಲಿ ಟ್ಯೂಷನ್ ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗ, ಗಲಾಟೆ ಜಾಸ್ತಿಯಾಯಿತು ಎಂದು ಬಾಗಿಲು ದಬ್ಬಿದ್ದೇನೆ. ನೆಂಟರೆದುರು, "ಅತ್ತಿಗೆ ಜಾಣೆ, ಆದ್ರೆ ಸ್ವಲ್ಪ ಅವಸರ" ಎಂದಿದ್ದೇನೆ. ನೀವು ಕೇಳಿಸಿಕೊಂಡೇ ನನ್ನ ತಟ್ಟೆಗೆ ಬಡಿಸಿದ್ದೀರಿ. ಅದೊಂದು ನೆನಪಾದರೆ ಈ ಕುರ್ಚಿಯಲ್ಲಿ ಕೂರಲಾಗುತ್ತಿಲ್ಲ.

ಎಲ್ಲವನ್ನೂ ವರದಿ ಬರೆದು, ಆ ದಾಖಲೆಗಳನ್ನೂ ಸೇರಿಸಿ ಮೇಡಂಗೆ ಕಳಿಸಿದ್ದೇನೆ. ತಪ್ಪು ನನ್ನದು, ಸ್ಕ್ರಿಪ್ಟಿನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ ಎಂದು ಮೊದಲ ಸಾಲಿನಲ್ಲೇ ಇದೆ. ಗಾಜಿನ ಆಚೆ ಅವರು ಓದುತ್ತಿರುವುದು ಕಾಣುತ್ತಿದೆ. ಕನ್ನಡಕ ತೆಗೆದರು. ಈಗ ನನ್ನ ಕಡೆ ನೋಡಿ ಕೈ ಮಾಡಿ ಕರೆಯುತ್ತಿದ್ದಾರೆ.

ಹೋಗುತ್ತೇನೆ. ಅವರು ನಿಮಗೆ ಫೋನ್ ಮಾಡಿ ವಿಚಾರಿಸುತ್ತಾರೆ. ಆಗ "ಹುಡುಗ ಹೊಸಬ, ಪಾಪ, ನಾನೇ ನೋಡಿಕೊಳ್ಳಬೇಕಿತ್ತು" ಎಂದೆಲ್ಲ ಹೇಳಲು ನಿಮಗೆ ಬಾಯಿ ಬರುತ್ತದೆ, ನನಗೆ ಗೊತ್ತು. ನಿಮ್ಮ ಕಾಲಿಗೆ ಬೀಳುತ್ತೇನೆ ಅತ್ತಿಗೆ, ಈ ಸಲ ನನ್ನನ್ನು ಕಾಪಾಡಬೇಡಿ.

ನಿಮಗೆ ಸಲ್ಲಬೇಕಾದ್ದು ಇವತ್ತಾದರೂ ನಿಮಗೆ ಸಲ್ಲಲಿ,
ನಿಮ್ಮ ಮೈದುನ