ಎಪ್ಪತ್ತು ದಿನದ ಹೊಳಪು

ನೆಗಾನಿ, ಮಿಶಿಗನ್
೮ ಏಪ್ರಿಲ್ ೧೯೮೪, ಭಾನುವಾರ

ಪ್ರಿಯ ಉರ್ಹೋ,

ನೀನು ಸರೋವರದ ಹಡಗಿಗೆ ಹೊರಟು ಹತ್ತೊಂಬತ್ತು ದಿನವಾಯಿತು, ನನ್ನಿಂದ ನಿನಗೆ ಒಂದು ಸಾಲೂ ಬಂದಿಲ್ಲ. ಡೆಟ್ರಾಯಿಟ್ ನದಿಯಲ್ಲಿ ಅಂಚೆದೋಣಿ ಪಕ್ಕಕ್ಕೆ ಬಂದಾಗ ನೀವು ಹಗ್ಗ ಕಟ್ಟಿ ಇಳಿಸಿದ ಬಕೆಟ್ಟಿನಲ್ಲಿ ಎಲ್ಲರ ಹೆಂಡಿರ ಕಾಗದ ಇದ್ದು ನಿನಗೆ ಮಾತ್ರ ಇರಲಿಲ್ಲವೇನೋ. ಕ್ಷಮಿಸು. ಎರಡು ಸಲ ಬರೆಯಲು ಕೂತೆ. ಮೊದಲ ಸಾಲಿನಲ್ಲಿ ಹಿಮದ ಸುದ್ದಿ ಬರುತ್ತಿತ್ತು, ಎರಡನೆಯದು ಸುಳ್ಳಾಗುತ್ತಿತ್ತು. ಎದ್ದುಬಿಟ್ಟೆ.

ಈಗ ಬರೆಯಬಹುದು. ಹೇಳುವುದು ಎರಡಿವೆ. ಸುಲಭದ್ದು ಮೊದಲು: ನಿನ್ನ ಕಾರನ್ನು, ಹಿಮ ಕರಗಲೆಂದು ಉಪ್ಪು ಸುರಿದ ರಸ್ತೆಗೆ ಇಳಿಸಿದೆ. "ಮಳೆ ಬಂದು ರಸ್ತೆ ತೊಳೆಯೋವರೆಗೂ ಇದನ್ನ ಮುಟ್ಟಬೇಡ" ಎಂದು ನೀನು ಬಾಗಿಲಲ್ಲಿ ನಿಂತು ಹೇಳಿದ್ದು ನೆನಪಿತ್ತು. ಆದರೂ ಇಳಿಸಿದೆ.

ಎರಡನೆಯದು: ನನ್ನ ಎಡ ಎದೆಯಲ್ಲಿ ಒಂದು ಗಂಟಿತ್ತು. ಬಟಾಣಿಯಷ್ಟು. ಅದು ಕೆಟ್ಟದ್ದಲ್ಲವಂತೆ. ಈ ಸಾಲನ್ನು ಇನ್ನೊಮ್ಮೆ ಓದಿಕೋ, ಆಮೇಲೆ ಮುಂದೆ ಹೋಗು.

ಜನವರಿಯ ಕೊನೆಗೆ ಅದು ಇದೆಯೆಂದು ಗೊತ್ತಾಯಿತು. ನಿನಗೆ ಹೇಳಲಿಲ್ಲ. ವರ್ಷದಲ್ಲಿ ನೀನು ನೆಲದ ಮೇಲಿರುವುದು ಸರೋವರ ಹೆಪ್ಪುಗಟ್ಟಿರುವ ಎಪ್ಪತ್ತು ದಿನ. ಅದರಲ್ಲಿ ಒಂದನ್ನೂ ಆಸ್ಪತ್ರೆಗೆ ಕೊಡಲು ಮನಸ್ಸಾಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನೀನು ಹೊರಟ ಮೂರನೇ ದಿನ ಪಿಕಪ್ ತೆಗೆದುಕೊಂಡು ಮಾರ್ಕ್ವೆಟ್ ಊರಿನ ಆಸ್ಪತ್ರೆಗೆ ಹೋದೆ. ಸೂಜಿ ಚುಚ್ಚಿ ಒಳಗಿನದನ್ನು ಪರೀಕ್ಷೆಗೆ ತೆಗೆದರು. ಫಲಿತಾಂಶಕ್ಕೆ ಏಪ್ರಿಲ್ ಎರಡಕ್ಕೆ ಬಾ ಎಂದರು. ಆ ಹತ್ತು ದಿನಗಳ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ನಿಸು ಬ್ರೆಡ್ ಮಾಡಿದೆ, ಏಲಕ್ಕಿ ಹಾಕುವುದನ್ನು ಮರೆತೆ.

ಎರಡನೇ ತಾರೀಖು ಬೆಳಿಗ್ಗೆ ಬಿರುಗಾಳಿ, ಮೊಣಕಾಲುದ್ದ ಹೊಸ ಹಿಮ. ಪಿಕಪ್ ಉಸಿರೆತ್ತಲಿಲ್ಲ. ಗ್ಯಾರೇಜಿನ ಸುಲೋಗೆ ಫೋನ್ ಮಾಡಿದರೆ ಮಧ್ಯಾಹ್ನದ ಮೇಲೆ ಬರುತ್ತೇನೆಂದ. ಇನ್ನೊಂದು ದಿನ ಕಾಯುವ ಶಕ್ತಿ ನನ್ನಲ್ಲಿರಲಿಲ್ಲ. ನಿನ್ನ ಕಾರಿನ ಹೊದಿಕೆ ತೆಗೆದೆ. ನಾಲ್ಕೂ ಕ್ರೋಮ್ ಚಕ್ರಗಳಲ್ಲಿ ನನ್ನ ಮುಖ ಕಂಡಿತು, ಅಗಲವಾಗಿ, ಯಾರದೋ ಎಂಬಂತೆ.

ಡಾಕ್ಟರು ಎರಡೇ ನಿಮಿಷ ಮಾತಾಡಿದರು. "ಮಿಸೆಸ್ ರೌಟಿಯೋ, ಹೆದರೋ ಅಂಥದ್ದೇನೂ ಇಲ್ಲ, ಬರೀ ಕೊಬ್ಬಿನ ಗಂಟು. ಮೇಲಿನದಷ್ಟೇ, ಒಳಗೆ ಎಲ್ಲೂ ಇಳಿದಿಲ್ಲ. ಮನೆಗೆ ಹೋಗಿ ಕಾಫಿ ಕುಡೀರಿ." ಹೊರಗೆ ಬಂದು ನೋಡಿದರೆ ಚಕ್ರಗಳು ಮುಲ್ಲಂಗಿಯ ಹಾಗೆ ಬೆಳ್ಳಗಾಗಿದ್ದವು. ಅಷ್ಟು ಉಪ್ಪು. ನನಗೆ ನಗು ಬಂತು. ನಗುತ್ತಲೇ ಬಹಳ ಹೊತ್ತು ಕಾರಿನೊಳಗೆ ಕೂತಿದ್ದೆ.

ಮನೆಗೆ ಬಂದವಳು ನೀನು ಮಾಡುವ ಹಾಗೆಯೇ ಮಾಡಿದೆ. ಕಾರನ್ನು ಸೌನಾ ಹಬೆಮನೆಯ ಗೋಡೆಗೆ ಅಂಟಿಕೊಂಡಿರುವ ಕೊಟ್ಟಿಗೆಯಲ್ಲಿ ತಂದು ನಿಲ್ಲಿಸಿ, ನೀರು ಕಾಯಲಿ ಎಂದು ಸೌನಾದ ಒಲೆ ಹಚ್ಚಿದೆ. ಅಷ್ಟರಲ್ಲಿ ಪಿಕಪ್ ನೋಡಲು ಸುಲೋ ಬಂದ.

"ಅಯ್ಯೋ ಮಾರಾಯ್ತಿ, ಏನು ಮಾಡ್ತಿದೀಯ? ಕಾರು ಆಚೆ ತೆಗಿ ಮೊದ್ಲು!"

"ಯಾಕೆ, ಬೆಚ್ಚಗಿರಲಿ ಅಂತ..."

"ಬೆಚ್ಚಗಿರೋದು ಉಪ್ಪಿಗೂ ಇಷ್ಟ ಕಣಮ್ಮ. ಚಳೀಲಿ ಸುಮ್ನೆ ಬಿದ್ದಿರತ್ತೆ. ಹಿಮ ಕರಗಿ ನೀರಾಯ್ತೋ, ಆಗ ಎದ್ದು ತಿನ್ನಕ್ಕೆ ಕೂತ್ಕೊಳತ್ತೆ. ತೊಳ್ಯೋದಾದ್ರೆ ಈಗ್ಲೇ ತೊಳ್ದು ಒಣಗ್ಸು. ಇಲ್ಲಾಂದ್ರೆ ಆಚೆ ಚಳೀಲೇ ಬಿಡು. ಒದ್ದೆ ಮಾಡಿ ಬೆಚ್ಚಗಿಟ್ರೆ ಮುಗೀತು. ಇಲ್ಲಿಡೋಕೆ ಯಾರು ಹೇಳಿದ್ದು?"

"ಉರ್ಹೋ."

"ಹಡಗಿನವ್ನಾ! ಅವನಿಗೆ ಉಪ್ಪಿನ ಗುಣ ಏನು ಗೊತ್ತು? ಇಪ್ಪತ್ತೈದು ವರ್ಷದಿಂದ ತೇಲ್ತಿರೋದು ಸಿಹಿನೀರಲ್ಲಿ."

ಮೂರು ಚಳಿಗಾಲ, ಪ್ರತಿ ಶನಿವಾರ, ಗೋಡೆಯ ಈ ಕಡೆ ನಾವು ಬೆವರುತ್ತಿದ್ದಾಗ ಆ ಕಡೆ ಉಪ್ಪು ಮೆತ್ತಿದ ಚಕ್ರಗಳೂ ಬೆವರುತ್ತಿದ್ದವು ನೋಡು. ನವೆಂಬರಿನಲ್ಲೇ ಕ್ರೋಮ್ ಚಕ್ರ ಬಿಚ್ಚಿಟ್ಟು ಮಾಮೂಲಿ ಕಬ್ಬಿಣದ್ದು ಹಾಕು ಎಂದು ಸುಲೋ ಎಷ್ಟು ಸಲ ಹೇಳಿಲ್ಲ? "ಬೇಸಿಗೇಲಿ ಹಾಕಿ ಯಾರಿಗೆ ತೋರಿಸ್ಲಿ, ನಾನಿಲ್ದೇ ಇದ್ದಾಗ?" ಎನ್ನುತ್ತಿದ್ದೆ ನೀನು. ನಿನ್ನ ಪಾಲಿಗೆ ಬಂದದ್ದು ಚಳಿಗಾಲ ಒಂದೇ.

ಇಬ್ಬರೂ ಸೇರಿ ತೊಳೆದೆವು. ಅಂಗಡಿಯಿಂದ ತಂದ ಆಸಿಡ್ಡಿನ ದ್ರಾವಣವನ್ನು ಅವನು ಮುಟ್ಟಗೊಡಲಿಲ್ಲ, ಪಾತ್ರೆ ಸೋಪಿನ ಉಗುರುಬೆಚ್ಚಗಿನ ನೀರು ಸಾಕೆಂದ. ಒಂದೊಂದೇ ಚಕ್ರ ಬಿಚ್ಚಿ ತಿರುಗಿಸಿದಾಗ ಎಡ ಹಿಂದಿನದರ ಒಳಮೈಯಲ್ಲಿ ತುಕ್ಕಿನ ಮೂರು ಕಂದು ಚುಕ್ಕೆ ಕಂಡವು. ಸುಲೋ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಕೇಳಿ, ಮುದುಡಿ, ಸೋಪಿನ ನೀರಿಗೆ ಅದ್ದಿ ಮೆಲ್ಲಗೆ ತಿಕ್ಕಿದ. ಹೋಯಿತು.

"ಮೇಲಿನದಷ್ಟೇ. ಒಳಗೆ ಇಳಿದಿಲ್ಲ" ಎಂದ.

ಒಂದೇ ದಿನ ಎರಡು ಸಲ ಆ ಮಾತು ಕೇಳಿದೆ. ಎರಡನೆಯ ಸಲ ಅತ್ತುಬಿಟ್ಟೆ. ಪಾಪ, ಸುಲೋ ಗಾಬರಿಯಾಗಿ, "ಚಕ್ರಕ್ಕೆ ಯಾರಾದ್ರೂ ಅಳ್ತಾರೇನಮ್ಮ? ಗಂಡ ಹೆಂಡ್ತಿ ಇಬ್ರಿಗೂ ಒಂದೇ ಹುಚ್ಚು" ಎಂದು ತನ್ನ ಕರವಸ್ತ್ರ ಕೊಟ್ಟ. ಅದರಲ್ಲಿ ಗ್ರೀಸ್ ಇತ್ತು. ಎರಡು ದಿನ ಮೂಗು ಕಪ್ಪಗಿತ್ತು.

ಒಣಗಿಸಿ, ಒಳಗೂ ಹೊರಗೂ ಮೇಣ ಹಚ್ಚಿದ್ದೇವೆ. ಕಾರು ಈಗ ಸೌನಾದಿಂದ ದೂರ, ಕಟ್ಟಿಗೆಮನೆಯ ಆಚೆ, ಚಳಿಯಲ್ಲಿದೆ. ನಾನು ಎರಡು ಹೊತ್ತು ಉಣ್ಣುತ್ತಿದ್ದೇನೆ, ಚೆನ್ನಾಗಿ ನಿದ್ದೆ ಬರುತ್ತಿದೆ. ಸೂಜಿಯ ಗುರುತೂ ಮಾಸಿದೆ.

ಸರೋವರ ನಿನ್ನ ಮೇಲೆ ಮುನಿಯದಿರಲಿ. ಪಾಳಿ ಮುಗಿದ ಮೇಲೆ ಒದ್ದೆ ಕಾಲುಚೀಲದಲ್ಲೇ ಮಲಗಬೇಡ. ದೇವರು ನಿನ್ನನ್ನೂ ನಿನ್ನ ಜೊತೆಯವರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ
ಹೆಲ್ಮಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಮೇಲೆ 'ನಿನಗೆ ಹೇಳಲಿಲ್ಲ' ಎಂದು ಬರೆದದ್ದು ಪೂರ್ತಿ ನಿಜವಲ್ಲ. ಜನವರಿಯ ಕೊನೆಯ ಶನಿವಾರ ಸೌನಾದಲ್ಲಿ ನೀನು ನನಗೆ ಸೋಪು ಹಚ್ಚುತ್ತಿದ್ದಾಗ ನಿನ್ನ ಕೈ ಅಲ್ಲಿ ನಿಂತಿತು. ಮೂರು ಉಸಿರಿನಷ್ಟು ಹೊತ್ತು. ಆಮೇಲೆ ಮುಂದೆ ಹೋಯಿತು. "ಇನ್ನೊಂದು ಚೊಂಬು ನೀರು ಹಾಕ್ಲಾ?" ಎಂದು ಕೇಳಿದೆ ನೀನು. ಅದಕ್ಕೆ ಮುಂಚೆ ಆ ಗಂಟು ನನಗೂ ಗೊತ್ತಿರಲಿಲ್ಲ. ನಿನ್ನ ಕೈ ನಿಂತದ್ದರಿಂದಲೇ ಗೊತ್ತಾದದ್ದು. ಮಾರನೆಯ ದಿನದಿಂದ ನೀನು ದಿನಕ್ಕೆ ಮೂರು ಸಲ ಚಕ್ರ ಒರೆಸತೊಡಗಿದೆ. ಅಡುಗೆಮನೆ ಕಿಟಕಿಯಿಂದ ಐವತ್ತೆರಡು ದಿನ ನಿನ್ನ ಬೆನ್ನು ನೋಡಿದೆ. ನಿನಗೆ ಹೆದರಿಕೆಯಾಗಿತ್ತು, ಬಲ್ಲೆ. ನನಗೂ ಆಗಿತ್ತು, ಆದರೆ ಒಬ್ಬಳೇ ಹೆದರಬೇಕಾಯಿತು. ಈ ಕಾಗದಕ್ಕೆ ಉತ್ತರ ಬರೆಯುವಾಗ ಕಾರಿನ ಮಾತು ಬೇಡ. 'ಹೆಲ್ಮಿ, ಅದು ಏನಾಗಿತ್ತು?' ಎಂದು ಕೇಳು. ಏನಾಗಿತ್ತೆಂದು ಇಲ್ಲೇ ಬರೆದಿದ್ದೇನೆ, ಆದರೂ ಕೇಳು.