ಕರಿಕಿವಿಯ ರಕ್ತ

ಅಪ್ಪಾ,

ನೀನು ನಮ್ಮ ಪ್ರಯೋಗಾಲಯಕ್ಕೆ ಕಳಿಸಿದ ಕುರಿಗಳ ರಕ್ತವನ್ನು ನಾನೇ ಪರೀಕ್ಷೆ ಮಾಡಿದೆ. ಎಲ್ಲ ಸೀಸೆಗಳಲ್ಲೂ ವೈರಸ್ ಇದೆ. ಫಲಿತಾಂಶದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಯಾವ ಹಿಂಡಿನಲ್ಲೂ ಹಾಗಾಗುವುದಿಲ್ಲ. ಅಮ್ಮ ಬಾಟಲಿ ಹಾಲು ಕುಡಿಸಿ ಬೆಳೆಸಿದ ಕರಿಕಿವಿಯ ರಕ್ತವನ್ನೇ ಎಲ್ಲದಕ್ಕೂ ತುಂಬಿದ್ದೀಯ, ಅಲ್ವಾ? “ಅವಳಿಗೇನು, ಗುಂಡುಕಲ್ಲಿನ ಹಾಗಿದಾಳೆ” ಅಂತ ನೀನು ಹೇಳ್ತಿದ್ದೆ. ಅವಳ ರಕ್ತ ಕೊಟ್ಟರೆ ಇಡೀ ಹಿಂಡಿಗೆ ರೋಗ ಇಲ್ಲ ಅಂತ ಬರುತ್ತೆ ಅಂದುಕೊಂಡಿದ್ದೀಯ. ಈ ರೋಗ ಮೈಮೇಲೆ ಕಾಣುವುದಿಲ್ಲಪ್ಪಾ.

ಹೀಗೇ ವರದಿ ಕೊಟ್ಟರೆ ಇಡೀ ಹಿಂಡನ್ನು ಕೊಲ್ಲುತ್ತಾರೆ. ನಿಜ ಹೇಳಿದರೆ ನಿನ್ನ ಮೇಲೆ ಕೇಸು. ಇಲ್ಲಿ ನಮ್ಮ ಸಾಹೇಬರು ವರದಿ ಎಲ್ಲಿ ಅಂತ ಮತ್ತೆ ಮತ್ತೆ ಕೇಳುತ್ತಿದ್ದಾರೆ. ಯಂತ್ರ ಕೆಟ್ಟಿದೆ ಅಂದಿದ್ದೇನೆ. ಅವರು ನಂಬಿಲ್ಲ.

ಭಾನುವಾರ ನಾನೇ ಸೂಜಿ ತಂದು ಒಂದೊಂದು ಕುರಿಯ ರಕ್ತವನ್ನೂ ಬೇರೆ ಬೇರೆ ತೆಗೆಯುತ್ತೇನೆ. ಒಂದನ್ನೂ ಮೇಯಲು ಬಿಡಬೇಡ. ಕರಿಕಿವಿಯನ್ನು ಇವತ್ತೇ ಬೇರೆ ಕಟ್ಟು. ಅಮ್ಮ ಕೇಳಿದರೆ, ಉಣ್ಣೆ ಕತ್ತರಿಸೋಕೆ ಅನ್ನು.

ಇಂತಿ,
ನಿನ್ನ ಹಾಗೇ ಸುಳ್ಳು ಹೇಳಲು ಬಾರದ ಮಗಳು