ರಕ್ಷಾದೋಣಿಯ ಹನ್ನೆರಡು ಅಂಕ

ಮಹಡಿಯ ಕೋಣೆ,
ಮಂಗಳವಾರ, ೧೪ನೇ ತಾರೀಖು, ಬೆಳಿಗ್ಗೆ

ಪ್ರೀತಿಯ ಚಿಕ್ಕಪ್ಪಾ,

ನಿಮ್ಮ ಮೇಜಿನಾಟದ ಹಡಗಿನಿಂದ ರಕ್ಷಾದೋಣಿಯನ್ನು ತೆಗೆದುಹಾಕಿ, ಅದು ನಿಮ್ಮದೇ ಅಪ್ಪಣೆ ಎಂದು ಎಲ್ಲರ ಮುಂದೆ ಸುಳ್ಳು ಹೇಳಿದೆ. ಇದನ್ನು ಮೊದಲೇ ಬರೆಯದಿದ್ದರೆ ಯೋಗಕ್ಷೇಮದ ಮಾತುಗಳ ಹಿಂದೆ ಅಡಗಿ ಕೂತುಬಿಡುತ್ತೇನೆ. ಈಗ ಕೇಳುತ್ತೇನೆ: ಸೊಂಟನೋವು ಹೇಗಿದೆ? ಮುದ್ರಣಯಂತ್ರ ಕೂರಿಸುವ ಕೆಲಸ ಎಲ್ಲಿಗೆ ಬಂತು? ಭಾರ ಎತ್ತುವಾಗ ಇನ್ನೊಬ್ಬರನ್ನು ಕರೆಯಿರಿ. ಕರೆಯುವುದಿಲ್ಲ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಚಿಕ್ಕಮ್ಮ ಚೆನ್ನಾಗಿದ್ದಾರೆ. "ಸ್ವೆಟರ್ ಹಾಕ್ಕೋತಿದಾರಾ ಕೇಳು" ಅಂದರು. ಕೇಳಿದ್ದೇನೆ.

ಆ ಕೆಲಸಕ್ಕೆಂದು ಪರವೂರಿಗೆ ಹೊರಡುವ ದಿನ ಹಡಗಿನ ಪೆಟ್ಟಿಗೆಯನ್ನು ನನ್ನ ಕೈಗಿಟ್ಟು ನೀವು ಹೇಳಿದ್ದು ಒಂದೇ ಮಾತು: "ಏನ್ ಬೇಕಾದ್ರೂ ಬದಲಾಯಿಸು, ದೋಣಿ ಮಾತ್ರ ಮುಟ್ಟಬೇಡ." ಹಡಗಿಗೆ ಇರುವುದು ನೂರು ಅಂಕ; ತೋಪು, ಹಾಯಿ, ಕವಚ ಎಲ್ಲವನ್ನೂ ಅಷ್ಟರಲ್ಲೇ ಆರಿಸಬೇಕು. ಗೆಲ್ಲುವುದಕ್ಕೆ ಯಾವ ಉಪಯೋಗಕ್ಕೂ ಬಾರದ ದೋಣಿಗೆ ನೀವು ಒಂಬತ್ತು ವರ್ಷದಿಂದ ಹನ್ನೆರಡು ಅಂಕ ಸುರಿಯುತ್ತಿದ್ದೀರಿ. ಹಡಗು ಮುಳುಗಿದರೂ ನಾವಿಕರು ಮುಂದಿನ ಆಟಕ್ಕೆ ಉಳಿಯುತ್ತಾರೆ, ಅದರ ಲಾಭ ಅಷ್ಟೇ. ದೂರಕ್ಕೆ ಹೊಡೆಯುವ ತೋಪಿಗೂ ಸರಿಯಾಗಿ ಹನ್ನೆರಡೇ ಅಂಕ. ಈ ಸಲದ ಆಟಕ್ಕೆ ಎದುರಾಳಿ ಕನ್ನಡಕದಂಗಡಿಯವರು, ತಿಂಗಳಿಗೊಂದು ಹೊಸ ಹಡಗು ಕೊಳ್ಳುವವರು. ಅವರನ್ನು ಸೋಲಿಸಿದರೆ ಸಿರಿತನವನ್ನೇ ಸೋಲಿಸಿದಂತೆ ಎಂದು ನನಗೆ ನಾನೇ ಭಾಷಣ ಬಿಗಿದುಕೊಂಡೆ. ಕಪ್ತಾನನ ಟೊಪ್ಪಿಗೆಗೆ ಚಿನ್ನದ ಬಣ್ಣ ಬಳಿದಿರೆಂದು ನಿಮ್ಮೊಡನೆ ವಾರವಿಡೀ ಜಗಳವಾಡಿದವಳು ನಾನು. ಸದಾ ಕೈಯಲ್ಲಿರುವ ಕರಪತ್ರಗಳಲ್ಲಿ ದುಡಿಯುವವರ ಜೀವಕ್ಕಿಂತ ದೊಡ್ಡ ಗೆಲುವಿಲ್ಲ ಎಂಬ ಸಾಲು ಕಂಡಲ್ಲೆಲ್ಲ ಕೆಂಪು ಗೆರೆ ಎಳೆದವಳೂ ನಾನೇ. ದೋಣಿಯ ಚೀಟಿ ತೆಗೆದು ತೋಪಿನ ಚೀಟಿ ಇಟ್ಟೆ. ಆರಿಸಿದ್ದರ ಪಟ್ಟಿಗೆ ಹಡಗಿನ ಒಡೆಯರ ಸಹಿ ಬೇಕಲ್ಲ, ನಿಮ್ಮ ಸಹಿಯನ್ನೂ ನಾನೇ ಹಾಕಿದೆ.

ತೀರ್ಪಿಗೆ ಕೂತಿದ್ದ ದರ್ಜಿ ಪಟ್ಟಿಯನ್ನು ಎರಡು ಸಲ ಓದಿದರು. "ಇದು ಅವ್ರೇ ಬರೆಸಿದ್ದೇನಮ್ಮ?" ಅಂದರು. "ಹೂಂ, ಕಾಗದ ಬರೆದಿದ್ರು" ಅಂದೆ. ನಾಲಿಗೆ ತೊದಲಲೂ ಇಲ್ಲ. ಆ ತೋಪು ಹಾರಿದ್ದು ಒಂದೇ ಸಲ, ದಾಳದಲ್ಲಿ ಒಂದು ಬಿತ್ತು, ಗುರಿ ತಪ್ಪಿತು. ಅವರ ಹಡಗು ನಮ್ಮ ಪಕ್ಕಕ್ಕೇ ಬಂದು ನಿಂತಿತು, ಅಷ್ಟು ಹತ್ತಿರಕ್ಕೆ ಆ ತೋಪು ಉಪಯೋಗಕ್ಕೆ ಬಾರದು. ಮತ್ತೆರಡು ಸರದಿಯಲ್ಲಿ ನಾವು ಮುಳುಗಿದೆವು. ದೋಣಿಯಿಲ್ಲದೆ ಮುಳುಗಿದರೆ ನಾವಿಕರ ಚೀಟಿಗಳನ್ನು ಆಡಿದವರೇ ಹೆಸರು ಓದಿ ಹರಿಯಬೇಕೆಂಬುದು ನಮ್ಮ ಮೇಜಿನ ಕಟ್ಟಳೆ. ಆರು ಚೀಟಿ, ಆರೂ ನಿಮ್ಮ ಅಕ್ಷರ. ಚುಕ್ಕಾಣಿ ಹಿಡಿಯುವ ಎಡಚ. ಅಡುಗೆಮನೆಯ ಗೊರಕೆ. ಮೂಲೆಯಲ್ಲಿ "ಈಜು ಬರುವುದಿಲ್ಲ" ಎಂದು ನೀವು ಬರೆದಿದ್ದ ಸಣ್ಣಣ್ಣ. ಅವನ ಹೆಸರು ಓದಿ, ಚೀಟಿಯನ್ನು ಹರಿಯದೆ ಹಾಗೇ ಹಿಡಿದು ನಿಂತೆ. ಕನ್ನಡಕದಂಗಡಿಯವರು ತಮ್ಮ ಕುರ್ಚಿಯನ್ನೇ ನನ್ನ ಕಡೆ ಸರಿಸಿ, "ಕೂತ್ಕೊಂಡು ಹರಿ ಮಗಳೇ, ಅವಸರ ಏನಿಲ್ಲ" ಅಂದರು. ಯಾರನ್ನು ವೈರಿ ಎಂದುಕೊಂಡಿದ್ದೆನೋ ಅವರ ಕುರ್ಚಿಯಲ್ಲೇ ಕೂತೆ. ಆಗ ಗಡಿಯಾರ ರಿಪೇರಿಯವರು, "ಏನೇ, ದೋಣಿ ಬಿಟ್ಟು ತೋಪು ತಗೊಂಡ್ರಾ ನಿಮ್ಮ ಚಿಕ್ಕಪ್ಪ? ವಯಸ್ಸಾದ್ಮೇಲೆ ಶೂರರಾದ್ರು ನೋಡ್ರಪ್ಪ!" ಎಂದರು. ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಿ ಕಾಗದದ ಚೂರು ಆಯುತ್ತಾ ಕೂತಿದ್ದೆ. ನಿಮ್ಮನ್ನು ನೆನೆದು ನಕ್ಕರು ಚಿಕ್ಕಪ್ಪಾ, ನಾನು ಬಾಯಿ ಬಿಡಲಿಲ್ಲ. ಅಲ್ಲಿಂದೀಚೆಗೆ ಒಂದು ಕರಪತ್ರವನ್ನೂ ಬಿಚ್ಚಿ ಓದಿಲ್ಲ; ಅದರ ಅಕ್ಷರಗಳಿಗೆ ಮುಖ ತೋರಿಸಲು ನಾಚಿಕೆ.

ಬೈದು ಬರೆಯಿರಿ. ಬೈಯದೆ ಮಾತ್ರ ಇರಬೇಡಿ. ಸೊಂಟಕ್ಕೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡಿ, ಇದು ಚಿಕ್ಕಮ್ಮನ ಆಜ್ಞೆ. ಕಾಲಿಗೆ ಬಿದ್ದು ನಮಸ್ಕರಿಸುವ,

ನೀವೇ ಹೆಸರಿಟ್ಟ
ಕರಪತ್ರ

ಮರೆತಿದ್ದ ಮಾತು: ಮರೆತಿದ್ದೆ ಅನ್ನುವುದೂ ಸುಳ್ಳು, ಬರೆಯಲು ಹೆದರಿದ್ದೆ. ದರ್ಜಿಗೆ ಈಗ ಕಣ್ಣು ಮಂಜು, ತೀರ್ಪುಗಾರರ ಜಾಗವನ್ನು ನಿಮಗೇ ಕೊಡುವವರಿದ್ದರು. "ದೋಣಿ ಬಿಡಬಾರ್ದು ಅಂತ ಹೇಳೋದೊಂದು, ಆಡೋದೊಂದು ಆದ್ರೆ ಹೇಗಮ್ಮ ನಂಬೋದು" ಎಂದು ನಿನ್ನೆ ನಿಮ್ಮ ಹೆಸರು ಹೊಡೆದುಹಾಕಿದರು. ಆಗಲೂ ನಾನು ಸುಮ್ಮನಿದ್ದೆ. ಈ ಭಾನುವಾರ ಬೇರೆಯವರನ್ನು ಆರಿಸುತ್ತಾರೆ. ಅದಕ್ಕೆ ಮೊದಲು ಎಲ್ಲರೆದುರು ಎದ್ದು ನಿಂತು ಸಹಿಯ ವಿಷಯವನ್ನೂ ಸೇರಿಸಿ ಹೇಳುತ್ತೇನೆ. ನೀವು ಎದುರಿಗಿಲ್ಲದಿದ್ದರೆ ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೋ ಎಂಬ ಭಯ. ರಜೆಯ ದಿನವೇ, ಬನ್ನಿ. ದರ್ಜಿಯ ಅಂಗಡಿಯ ಹಿಂದಿನ ಕೋಣೆ, ಭಾನುವಾರ, ಸಂಜೆ ನಾಲ್ಕು ಗಂಟೆಗೆ.